ಎಂಟನೆಯ ಬಡಿತ

ಡಾಕ್ಟರ್ ಮುಕ್ತಾ ಬಾಳಿಗಾ ನಮ್ಮ ಕೇಂದ್ರಕ್ಕೆ ಬಂದ ಮೊದಲ ದಿನವೇ ನನ್ನ ಊಟದ ಡಬ್ಬಿಯ ಶೇಂಗಾ ಚಟ್ನಿ ಅರ್ಧ ಖಾಲಿಯಾಯಿತು. ಎರಡನೆಯ ತಿಂಗಳಿಗೆ ನನ್ನ ಕುರ್ಚಿ ಕಿಟಕಿಯ ಪಕ್ಕದಿಂದ ಬಾಗಿಲ ಪಕ್ಕಕ್ಕೆ ಬಂತು. ಆರನೆಯ ತಿಂಗಳಿಗೆ ಸಿಡಿಲಿನ ಯಂತ್ರವೇ ಅವಳದಾಯಿತು. ಚಟ್ನಿಯ ಮುಚ್ಚಳವನ್ನು ನಾನು ಅವತ್ತೇ ಬಿಗಿಯಾಗಿ ಹಾಕಿಡಬೇಕಿತ್ತು.

ಯಂತ್ರದ ಸಂಗತಿ ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಹೊಟ್ಟೆಕಿಚ್ಚಿಗೆ ತಳಬುಡ ಸಿಗುವುದಿಲ್ಲ. ಮೋಡ ತುಂಬಿಕೊಂಡು ನಿಂತ ಮೇಲೆ ಸಿಡಿಲು ಎಲ್ಲಿ ಇಳಿಯುತ್ತದೆ ಎನ್ನುವುದರ ಸಣ್ಣ ಗುರುತೊಂದು ಆಕಾಶದಲ್ಲೇ ಸಿಗುತ್ತದೆ ಎಂದು ಕಂಡುಹಿಡಿದವರು ನಮ್ಮ ಕೇಂದ್ರದ ಮುಖ್ಯಸ್ಥರಾದ ಮೇಟಿ ಸರ್. ಗುರುತು ಸಿಕ್ಕ ಗಳಿಗೆಯಿಂದ ಸಿಡಿಲು ಬೀಳುವ ಗಳಿಗೆಗೆ ಹದಿನಾಲ್ಕು ನಿಮಿಷ. ಅಷ್ಟರೊಳಗೆ ಲೆಕ್ಕ ಮುಗಿಸಿ, ಇಂಥ ಹೊಲ, ಇಂಥ ಬೇವಿನ ಮರ ಎಂದು ಅಲ್ಲಿರುವವರ ಫೋನಿಗೆ ಹೇಳಬೇಕು. ಲೆಕ್ಕ ಎಷ್ಟು ಬೇಗ ಮುಗಿಯುತ್ತದೋ ಓಡುವುದಕ್ಕೆ ಅಷ್ಟು ನಿಮಿಷ ಉಳಿಯುತ್ತದೆ. ನನ್ನ ಗಂಡ ಶಿವಪುತ್ರನ ಸೇವಂತಿಗೆ ಹೊಲ ಬಯಲಲ್ಲಿದೆ. ಹೋದ ವರ್ಷ ಪಕ್ಕದ ಹೊಲದಲ್ಲಿ ಇಬ್ಬರು ಹೆಣ್ಣುಮಕ್ಕಳು ಬುಟ್ಟಿ ಹಿಡಿದಂತೆಯೇ ಹೋದರು.

ಇಂಥ ಲೆಕ್ಕ ಒಂದು ಪ್ರೊಸೆಸರಿನಿಂದ ಆಗುವುದಲ್ಲ. ಸಾವಿರದ ಇಪ್ಪತ್ತನಾಲ್ಕು ಬೇಕು. ಒಂದೊಂದಕ್ಕೂ ಆಕಾಶದ ಒಂದೊಂದು ತುಂಡು. ನನ್ನ ತುಂಡಿನ ಗಾಳಿ ನಿನ್ನ ತುಂಡಿಗೆ ಹೊರಟಿದೆ ಎಂದು ಅವು ಪಕ್ಕದವರಿಗೆ ಹೇಳುತ್ತಲೇ ಇರಬೇಕು. ಹಾಗೆ ಹೇಳಿ ಕಳಿಸುವ ಸುದ್ದಿಗೆ ಇಂಗ್ಲಿಷಿನಲ್ಲಿ ಪ್ಯಾಕೆಟ್ ಎನ್ನುತ್ತಾರೆ. ನಾನು ಪೊಟ್ಟಣ ಅಂದೆ, ಕೇಂದ್ರದಲ್ಲಿ ಎಲ್ಲರೂ ಪೊಟ್ಟಣವೇ ಅನ್ನತೊಡಗಿದರು. ನಾವು ಹೂಗಾರರು. ಬೆಳಿಗ್ಗೆ ಎದ್ದು ಮನೆಮನೆಗೆ ಹೂವಿನ ಪೊಟ್ಟಣ ಕೊಟ್ಟು ಬೆಳೆದವಳು ನಾನು. ಪಿಯುಸಿ ಮುಗಿಸಲಿಲ್ಲ. ಹೂ ಕಟ್ಟಿದ ಬೆರಳಿಗೆ ತಂತಿ ಬೆಸೆಯುವುದು ಬೇಗ ಬರುತ್ತದೆ ಎಂದು ಮೇಟಿ ಸರ್ ನನ್ನನ್ನು ಕೆಲಸಕ್ಕೆ ಕರೆದುಕೊಂಡರು. ಉಳಿದದ್ದೆಲ್ಲ ಕೇಳಿ, ನೋಡಿ, ಬೈಸಿಕೊಂಡು ಕಲಿತದ್ದು.

ಸಾವಿರ ಪ್ರೊಸೆಸರಿನ ಚಿಪ್ಪನ್ನು ಸಿಲಿಕಾನಿನಲ್ಲಿ ಒಮ್ಮೆ ಕೆತ್ತಿಸಿದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ಅದಕ್ಕೇ ಮೊದಲು ಕಂಪ್ಯೂಟರಿನೊಳಗೆ ಸುಳ್ಳು ಯಂತ್ರ ಒಂದನ್ನು ನಡೆಸಿ ನೋಡುತ್ತೇವೆ. ಅದು ಸಿಮ್ಯುಲೇಟರ್. ಯಾರಿಗೆ ಯಾರು ನೆರೆಯವರು, ಇಬ್ಬರು ನೆರೆಯವರ ನಡುವಿನ ಒಂದು ಕೊಂಡಿ ದಾಟಲು ಎಷ್ಟು ಹೊತ್ತು, ಬಂದ ಪೊಟ್ಟಣ ಕುಳಿತುಕೊಳ್ಳುವ ಕೋಣೆ ಎಷ್ಟು ದೊಡ್ಡದು, ಎದುರು ದಾರಿ ತುಂಬಿದ್ದರೆ ಯಾವ ಕಡೆಗೆ ತಿರುಗಬೇಕು, ಇಂಥ ನಲವತ್ತು ಸಂಖ್ಯೆಗಳು ಒಂದು ಫೈಲಿನಲ್ಲಿರುತ್ತವೆ. ಎರಡು ವರ್ಷ ಆ ನಲವತ್ತನ್ನು ಒಂದೊಂದೇ ತಿರುಗಿಸಿ ನೋಡಿದವಳು ನಾನು. ನನ್ನ ಹಾದಿ ಸರಳ. ಮನೆ ಮುಂದೆ ನಿಂತು, ಒಳಗೆ ಜಾಗ ಐತೇನ್ರೀ ಎಂದು ಕೇಳಬೇಕು. ಐತಿ ಅಂದರೆ ಪೊಟ್ಟಣ ಕೊಡಬೇಕು, ಇಲ್ಲ ಅಂದರೆ ನಿಲ್ಲಬೇಕು. ಲೆಕ್ಕಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು, ಓಡುವುದಕ್ಕೆ ನಾಲ್ಕು ಉಳಿಯುತ್ತಿತ್ತು.

ಮುಕ್ತಾ ಬಂದು ಹದಿನೈದು ದಿನಕ್ಕೆ ನನ್ನ ಎದುರು ಊಟಕ್ಕೆ ಕುಳಿತು ಕೇಳಿದಳು: "ನೀಲಕ್ಕ, ಬೇಜಾರು ಮಾಡ್ಬೇಡಿ. ಪೊಟ್ಟಣ ಕಳಿಸುವ ಮೊದಲು ಜಾಗ ಉಂಟಾ ಅಂತ ಪ್ರತಿ ಸಲ ಕೇಳುವುದು ಎಂತಕ್ಕೆ?"

"ಕೇಳದ ಹ್ಯಾಂಗ ಕೊಡೂದ್ರಿ? ಒಳಗ ಮೊದಲಿಂದು ಇನ್ನೂ ಕುಂತಿದ್ರ ಅದರ ಮ್ಯಾಲ ಇದು ಬೀಳತೈತಿ. ಮೊದಲಿಂದು ಹೋತು."

"ಮೊದಲಿನದ್ದು ಯಾವ ಬಡಿತಕ್ಕೆ ಎದ್ದು ಹೋಗ್ತದೆ ಅಂತ ನಮಗೆ ಮೊದಲೇ ಗೊತ್ತುಂಟಲ್ಲ. ದಾರಿಗೆ ಎಷ್ಟು ಬಡಿತ ಬೇಕು ಅಂತಲೂ ಗೊತ್ತಿದ್ದರೆ ಕೇಳುವುದೇ ಬೇಡ. ಸರಿಯಾದ ಬಡಿತಕ್ಕೆ ಹೊರಟರೆ, ಮುಟ್ಟುವಾಗ ಕೋಣೆ ಖಾಲಿ ಇರ್ತದೆ."

ಬಡಿತವೆಂದರೆ ಯಂತ್ರದೊಳಗಿನ ಗಡಿಯಾರದ ಬಡಿತ. ಕಣ್ಣು ಮಿಟುಕಿಸುವುದರೊಳಗೆ ಅಂಥವು ಕೋಟಿಗಟ್ಟಲೆ.

"ಎಲ್ಲಾರೂ ಹೇಳಿದ ಟೈಮಿಗೆ ಬಂದು, ಹೇಳಿದ ಟೈಮಿಗೆ ಎದ್ದು ಹೋಗ್ತಾರಂದ್ರ ಅದು ಗದಗಿನ ಬಸ್ ಸ್ಟ್ಯಾಂಡ್ ಅಲ್ಲ ಬಿಡ್ರಿ" ಅಂದೆ. ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಳು, ನನ್ನ ಚಟ್ನಿಗೆ ಕೈ ಹಾಕಿದಳು.

"ಇದು ಭಾರೀ ಲಾಯ್ಕ ಉಂಟು. ಅಕ್ಕ, ಒಂದು ಕೊಂಡಿಗೆ ಎಷ್ಟು ಬಡಿತ? ಮಾದರಿ ಬೋರ್ಡಲ್ಲಿ ಅಳೆದವರು ನೀವೇ ಅಂತೆ."

"ಎಂಟು" ಅಂದೆ, ರೊಟ್ಟಿ ಮುರಿಯುತ್ತ. ಅವಳು ನೀಲಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ನಾಲ್ಕು ತಿಂಗಳು ಅವಳು ಆ ಫೈಲನ್ನು ಬಿಟ್ಟು ಏಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಸಿಮ್ಯುಲೇಟರ್ ಓಡಿಸಿದಾಗ ಲೆಕ್ಕ ಮೂರು ನಿಮಿಷಕ್ಕೆ ಮುಗಿಯಿತು. ಓಡುವುದಕ್ಕೆ ಹನ್ನೊಂದು ನಿಮಿಷ. ಮೇಟಿ ಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ತಮ್ಮ ಕೈಯಲ್ಲಿದ್ದ ಚಹಾದ ಕಪ್ಪನ್ನು ಅವಳ ಕೈಗೆ ಕೊಟ್ಟರು. ಹನ್ನೆರಡು ವರ್ಷದಲ್ಲಿ ಅವರು ನನಗೆ ಚಹಾ ಕೊಡಿಸಿದ್ದುಂಟು, ತಮ್ಮ ಕಪ್ಪು ಕೊಟ್ಟದ್ದಿಲ್ಲ.

ನಾಲ್ಕು ನಿಮಿಷವೆಂದರೆ ಶಿವಪುತ್ರ ಬುಟ್ಟಿ ಇಡಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತು. ಹನ್ನೊಂದು ನಿಮಿಷವೆಂದರೆ ಅವನು ಹೊಲ ದಾಟಿ, ರಸ್ತೆಯ ಪಕ್ಕದ ಪಂಪ್ ಮನೆಗೆ ಬಂದು, ಕೈಕಾಲು ತೊಳೆದು ಕುಳಿತುಕೊಳ್ಳುವಷ್ಟು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳ ಲೆಕ್ಕ ಎಲ್ಲಾದರೂ ತಪ್ಪಿರಲಿ ಎಂದು ಬೇಡಿಕೊಂಡೆ.

ಮನೆಯಲ್ಲಾದರೂ ನಿರಾಳ ಇತ್ತೇ? ಒಂದು ಭಾನುವಾರ, ಹೂ ಕಟ್ಟುವುದನ್ನು ಕಲಿಸಿ ಎಂದು ಮುಕ್ತಾ ಮನೆಗೇ ಬಂದಳು. ನನ್ನ ಅತ್ತೆ ಚನ್ನವ್ವನಿಗೆ ಕಣ್ಣು ಮಂಜು, ಆದರೆ ಮನುಷ್ಯರನ್ನು ದನಿಯಲ್ಲೇ ಹಿಡಿಯುತ್ತಾಳೆ.

"ಯಾವೂರವ್ವಾ ನಿಂದು? ಪುಸ್ತಕ ಓದಿದಂಗ ಮಾತಾಡ್ತಿಯಲ್ಲ."

"ಕುಂದಾಪುರದ ಹತ್ತಿರ ಅಜ್ಜಿ. ನಮ್ಮಲ್ಲಿ ಎಲ್ಲರೂ ಹೀಗೇ."

"ಚಲೋ ಆತು. ಎಂಟು ದಿನಕ್ಕೊಮ್ಮೆ ಬಾ. ನಮ್ಮ ಸೊಸಿ ಮನ್ಯಾಗ ಬಾಯಿ ಬಿಡೂದಿಲ್ಲ. ಬಿಟ್ರ ಬರೇ ಮಶೀನು."

ಅವಳು ಪ್ರತಿ ಭಾನುವಾರ ಬಂದಳು. ಎರಡನೆಯ ವಾರಕ್ಕೆ ಅವಳ ಮಾಲೆ ನನ್ನದಕ್ಕಿಂತ ಬಿಗಿಯಾಗಿತ್ತು. ಅತ್ತೆ ಬೆರಳಾಡಿಸಿ ನೋಡಿ, "ಇದು ಯಾರ ಕೈದು? ಮುಕ್ತಾಂದು ಹೌದಲ್ಲೋ" ಅಂದಳು. ಮೂವತ್ತು ವರ್ಷ ಹೂ ಕಟ್ಟಿದ್ದೇನೆ ನಾನು. ಸೋಮವಾರದಿಂದ ಡಬ್ಬಿಗೆ ಚಟ್ನಿ ಹಾಕುವುದನ್ನೇ ಬಿಟ್ಟೆ. "ಶೇಂಗಾ ತೀರ್ಯಾವ್ರಿ" ಎಂದು ಸುಳ್ಳು ಹೇಳಿದೆ. ಅವಳು ಮರುದಿನವೇ ಎರಡು ಕಿಲೋ ಶೇಂಗಾ ತಂದುಕೊಟ್ಟಳು. ಇಂಥವರ ಜೊತೆ ಜಗಳ ಮಾಡುವುದಾದರೂ ಹೇಗೆ?

ಫೈಲನ್ನು ಚಿಪ್ಪು ಕೆತ್ತುವವರಿಗೆ ಕಳಿಸುವ ದಿನ ಗೊತ್ತಾಯಿತು: ಸೋಮವಾರ, ಸಂಜೆ ನಾಲ್ಕಕ್ಕೆ. ಅದಕ್ಕೆ ಮೊದಲಿನ ಎರಡು ವಾರ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅವಳ ಫೈಲು ತೆರೆದು ಕೂರುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ನಲವತ್ತು ಸಂಖ್ಯೆಗಳನ್ನೂ ಆಡಿಸಿ ನೋಡಿದೆ. ಕೋಣೆಯ ಗಾತ್ರ ಸರಿ. ತಿರುವುಗಳು ಸರಿ. ಯಾವ ಪೊಟ್ಟಣವೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯಲಿಲ್ಲ, ಯಾವುದೂ ದಾರಿ ತಪ್ಪಲಿಲ್ಲ. ಹತ್ತು ಲಕ್ಷ ಪೊಟ್ಟಣ ಬಿಟ್ಟೆ, ಹತ್ತು ಲಕ್ಷವೂ ಹೇಳಿದ ಬಡಿತಕ್ಕೆ ಮುಟ್ಟಿದವು. ಒಮ್ಮೆ ಮುಕ್ತಾ ಒಳಗೆ ಬಂದವಳು ನನ್ನನ್ನು ನೋಡಿ, "ನೀವು ನೋಡ್ತಾ ಇದ್ದೀರಲ್ಲ ನೀಲಕ್ಕ, ನನಗೀಗ ಧೈರ್ಯ" ಅಂದಳು. ನನಗೆ ಮುಖ ಎತ್ತಲಾಗಲಿಲ್ಲ.

ಶನಿವಾರ ನನಗೆ ಅರ್ಧ ದಿನ. ಬೆಳಿಗ್ಗೆ ಅತ್ತೆ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಕಣ್ಣಿನ ಡಾಕ್ಟರ ಕಡೆ ಹೋಗೂದೈತಿ. ಡಬ್ಬಿ ಒದರಿತು."

ಡಬ್ಬಿಯೆಂದರೆ ಈಗ ಎಲ್ಲರ ಮನೆಯ ಗೋಡೆಗೂ ಇರುವ ನೆನಪಿನ ಡಬ್ಬಿ. ಹೇಳಿದ್ದನ್ನು ಕೇಳಿಸಿಕೊಂಡು, ಹೇಳಿದ ದಿನ ನೆನಪು ಮಾಡಿಕೊಡುತ್ತದೆ. ಅತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರ ಇನ್ನೊಂದು ತುದಿಗೆ ಹೋದೆ. ಆಸ್ಪತ್ರೆಯ ಬಾಗಿಲಿಗೆ ಬೀಗ. ಪಕ್ಕದ ಔಷಧಿ ಅಂಗಡಿಯವನು, "ಡಾಕ್ಟರು ಶುಕ್ರವಾರಕ್ಕೊಮ್ಮೆ ಬರೂದ್ರಿ ಅಮ್ಮಾರ. ನಿನ್ನಿ ಬಂದು ಹೋದ್ರಲ್ಲ" ಅಂದ.

"ಏನತ್ತಿ, ಡಾಕ್ಟರು ಯಾವಾಗ ಬರಾಕ ಹೇಳಿದ್ರು?"

"ಹೋದ ವಾರ ಶುಕ್ರವಾರ ನಿನ್ನ ಗಂಡನ್ನ ಕರ್ಕೊಂಡು ಬಂದಿದ್ನಲ್ಲ, ಆವಾಗ ಹೇಳಿದ್ರು, ಇವತ್ತಿಗೆ ಎಂಟು ದಿನಕ್ಕ ಬಾ ಅಂತ. ಮನಿಗೆ ಬಂದು ಡಬ್ಬಿಗೆ ಹಂಗ ಹೇಳಿದೆ. ಇವತ್ತಿಗೆ ಎಂಟು ದಿನಕ್ಕ ನೆನಪು ಮಾಡಪಾ ಅಂತ."

ಅಂಗಡಿಯವನು ನಕ್ಕ. "ನಮ್ಮವ್ವಂದೂ ಹಿಂಗ ಆಗಿತ್ರಿ. ಎಂಟು ದಿನ ಅಂದ್ರ ವಾರ ಅಂತ ಡಬ್ಬಿಗೇನ್ ಗೊತ್ತು? ಅದು ಇವತ್ತನ್ನ ಬಿಟ್ಟು ಎಂಟು ಎಣಿಸತೈತಿ. ನಾವು ಇವತ್ತನ್ನೂ ಹಿಡದು ಎಣಿಸ್ತೀವಿ."

"ಇವತ್ತನ್ನ ಬಿಟ್ಟು ಎಣಿಸಾಕ ಇವತ್ತು ಏನ್ ಪಾಪ ಮಾಡೈತಿ?" ಎಂದು ಅತ್ತೆ ಡಬ್ಬಿಗೆ ಅಲ್ಲಿಂದಲೇ ಬೈದಳು.

ನಾನೂ ನಗುತ್ತಿದ್ದೆ. ನಗುತ್ತಾ ಬೈಕಿಗೆ ಚಾವಿ ಹಾಕಿದವಳು ಹಾಗೇ ನಿಂತೆ.

ಅತ್ತೆಯನ್ನು ಮನೆಗೆ ಬಿಟ್ಟು ಸೀದಾ ಕೇಂದ್ರಕ್ಕೆ ಹೋದೆ. ಮಾದರಿ ಬೋರ್ಡು ನನ್ನ ಬೀರುವಿನಲ್ಲೇ ಇತ್ತು. ಎರಡೇ ಪ್ರೊಸೆಸರು, ನಡುವೆ ಒಂದೇ ಕೊಂಡಿ, ಚಿಪ್ಪಿನಲ್ಲಿ ಬರಲಿರುವಂಥದ್ದೇ. ಬಡಿತ ತೋರಿಸುವ ಸ್ಕೋಪಿಗೆ ಜೋಡಿಸಿ ಒಂದು ಪೊಟ್ಟಣ ಬಿಟ್ಟೆ. ಪರದೆಯ ಮೇಲೆ ಬಡಿತಗಳು ಸಾಲಾಗಿ ನಿಂತವು. ಬೆರಳಿಟ್ಟು ಎಣಿಸಿದೆ. ಒಂದಕ್ಕೆ ಹೊರಟಿತು. ಎಂಟಕ್ಕೆ ಮುಟ್ಟಿತು. ಎರಡು ವರ್ಷದ ಹಿಂದೆಯೂ ಹೀಗೇ ಎಣಿಸಿದ್ದೆ. ಹೊರಟ ಬಡಿತವನ್ನೂ ಹಿಡಿದು. ದಾರಿಗೆ ಹಿಡಿದದ್ದು ಏಳೇ ಬಡಿತ.

ಸುಳ್ಳು ಯಾಕೆ ಹೇಳಲಿ, ಮೊದಲು ಖುಷಿಯಾಯಿತು. ಬೆನ್ನಿನವರೆಗೆ ತಣ್ಣಗೆ ಇಳಿದಂಥ ಖುಷಿ. ಅವಳ ಫೈಲಿನಲ್ಲಿ, ಅವಳ ಹೆಸರಿನ ಕೆಳಗೆ, ಕೊಂಡಿಯ ಹೊತ್ತು ಎಂಟು ಎಂದಿತ್ತು. ಸಿಮ್ಯುಲೇಟರಿಗೆ ಎಂಟು ಅಂದರೆ ಎಂಟೇ, ಅದಕ್ಕೇ ಅಲ್ಲಿ ಎಲ್ಲ ಸರಿ ಕಂಡಿತು. ನಿಜವಾದ ಚಿಪ್ಪಿನಲ್ಲಿ ಪೊಟ್ಟಣ ಒಂದು ಬಡಿತ ಮೊದಲೇ ಮುಟ್ಟುತ್ತದೆ. ಕೋಣೆಯಲ್ಲಿ ಹಳೆಯದು ಇನ್ನೂ ಕುಳಿತಿರುತ್ತದೆ. ಇದು ಅದರ ಮೇಲೆ ಬೀಳುತ್ತದೆ. ಕೇಳುವ ಪದ್ಧತಿ ಇಲ್ಲ, ಆದ್ದರಿಂದ ಕಳೆದುಹೋಯಿತು ಎಂದು ಹೇಳುವವರೂ ಇಲ್ಲ. ಯಾವುದೋ ಹೊಲದ ಸುದ್ದಿ ಹೊರಡುತ್ತದೆ, ಮುಟ್ಟುವುದಿಲ್ಲ. ಯಂತ್ರ ಸುಮ್ಮನಿರುತ್ತದೆ, ಹೊಲದಲ್ಲಿದ್ದವರು ಯಂತ್ರವನ್ನು ನಂಬಿ ಸುಮ್ಮನಿರುತ್ತಾರೆ.

ಖುಷಿ ಇಳಿಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಂಟು ಎಂದು ಅವಳಿಗೆ ಹೇಳಿದ ಬಾಯಿ ಯಾವುದು? ನನ್ನ ಹಾದಿಯಲ್ಲಿ ಏಳಾದರೂ ಎಂಟಾದರೂ ನಡೆಯುತ್ತಿತ್ತು, ಕೇಳಿಯೇ ಕೊಡುತ್ತಿದ್ದೆವಲ್ಲ. ತಪ್ಪು ಎರಡು ವರ್ಷ ನನ್ನ ಹತ್ತಿರ ಬೆಚ್ಚಗೆ ಮಲಗಿತ್ತು. ನಾನೇ ಎಬ್ಬಿಸಿ ಅವಳ ಕೈಗೆ ಕೊಟ್ಟಿದ್ದೆ.

ಆದರೆ ಅದು ಯಾರಿಗೆ ಗೊತ್ತು? ಊಟದ ಹೊತ್ತಿನ ಮಾತು. ಭಾನುವಾರವೆಲ್ಲ ಇದನ್ನೇ ತಿರುವಿ ಹಾಕಿದೆ. ತಪ್ಪನ್ನು ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿಂದ ಬಂತು ಎಂದು ಯಾಕೆ ಹೇಳಬೇಕು? ತಪ್ಪು ಹಿಡಿದವಳು ನೀಲಗಂಗಾ ಹೂಗಾರ, ಅಷ್ಟು ಸಾಕು. ಅವತ್ತು ಮುಕ್ತಾ ಹೂ ಕಟ್ಟಲು ಬಂದಾಗ ತಲೆನೋವೆಂದು ಒಳಗೆ ಮಲಗಿಕೊಂಡೆ. ಅವಳೂ ಅತ್ತೆಯೂ ಹೊರಗೆ ನಗುವುದು ಕೇಳಿಸುತ್ತಿತ್ತು.

ಸೋಮವಾರ ಮೂರು ಗಂಟೆಗೆ ಸಭೆ. ಹಿಂದೆ ಹತ್ತಿಯ ಬೀಜ ಬಿಡಿಸುತ್ತಿದ್ದ ಜಿನ್ನಿನ ಕಟ್ಟಡ ನಮ್ಮದು, ಉದ್ದನೆಯ ಹಾಲಿನಲ್ಲಿ ಹದಿನಾಲ್ಕು ಜನ ಕುಳಿತಿದ್ದೆವು. ಮೇಟಿ ಸರ್ ಫೈಲನ್ನು ಪರದೆಗೆ ಹಾಕಿ, "ಯಾರಿಗರೆ ಏನರೆ ಹೇಳೂದೈತೇನು? ಇಲ್ಲಂದ್ರ ಕಳಿಸೂದ" ಅಂದರು.

"ಒಂದು ತಪ್ಪೈತ್ರಿ ಸರ" ಎಂದು ಎದ್ದು ನಿಂತೆ. "ಕೊಂಡಿಗೆ ಎಂಟು ಬಡಿತ ಅಂತ ಹಾಕ್ಯಾರ. ಖರೇ ಅಂದ್ರ ಏಳು. ಶನಿವಾರ ಬೋರ್ಡ್ ಮ್ಯಾಲ ಅಳದು ನೋಡೇನಿ."

ಮೇಟಿ ಸರ್ ಪರದೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮುಕ್ತಾಳನ್ನು ನೋಡಿದರು. ಅವರ ಮುಖ ಕೆಂಪಾಗುವುದನ್ನು ನಾನು ಹನ್ನೆರಡು ವರ್ಷದಿಂದ ಬಲ್ಲೆ.

"ಡಾಕ್ಟರ್ ಬಾಳಿಗಾ, ನಿಮ್ಮ ಇಡೀ ಪದ್ಧತಿ ನಿಂತಿದ್ದು ಈ ಒಂದು ನಂಬರಿನ ಮ್ಯಾಲ. ಇದನ್ನ ಯಾರು ಅಳದ್ರು? ಇದು ಹಂಗ ಹೋಗಿದ್ರ ಎಷ್ಟು ಮಂದಿ ಹೊಲದಾಗ ನಿಂತಿರ್ತಿದ್ರು, ಗೊತ್ತೈತೇನು ನಿಮಗ?"

ಆರು ತಿಂಗಳಿಂದ ನಾನು ಕಾದದ್ದು ಇದೇ ದನಿಗೆ. ಬಾಯಲ್ಲಿ ಸಿಹಿ ಇಟ್ಟಂತಿತ್ತು.

ಮುಕ್ತಾ ನೀಲಿ ನೋಟುಬುಕ್ಕು ತೆಗೆದು ಹಿಂದಕ್ಕೆ ಹಾಳೆ ತಿರುವಿದಳು. ಒಂದು ಕಡೆ ನಿಲ್ಲಿಸಿದಳು. ನಾನು ಅವಳ ಪಕ್ಕದ ಕುರ್ಚಿಯವಳು, ಹಾಳೆ ಕಾಣುತ್ತಿತ್ತು. ತಾರೀಖು ಇತ್ತು. ಕೆಳಗೆ: "ಕೊಂಡಿ: 8 ಬಡಿತ. ನೀಲಕ್ಕ ಹೇಳಿದ್ದು." ಅವಳ ಬೆರಳು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ನೋಟುಬುಕ್ಕು ಮುಚ್ಚಿದಳು.

"ನನ್ನದೇ ತಪ್ಪು ಸರ್. ನಾನೇ ಅಳೆದು ನೋಡ್ಬೇಕಿತ್ತು. ನೋಡ್ಲಿಲ್ಲ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ನನ್ನ ಹಾದಿ ತೆಗೆದುಕೊಂಡಳು. ಕಿಟಕಿ ತೆಗೆದುಕೊಂಡಳು, ಸರ್ ಕೈಯ ಕಪ್ಪು ತೆಗೆದುಕೊಂಡಳು, ನಮ್ಮ ಅತ್ತೆಯನ್ನೂ ತೆಗೆದುಕೊಂಡಳು. ಈಗ ನನ್ನ ತಪ್ಪನ್ನೂ ತನ್ನ ಮೈಮೇಲೆ ಎಳೆದುಕೊಂಡು, ಒಳ್ಳೆಯತನವನ್ನೂ ತಾನೇ ತೆಗೆದುಕೊಂಡು ಹೋಗುತ್ತಿದ್ದಾಳೆ. ನಾನು ಬಾಯಿ ಮುಚ್ಚಿ ಕುಳಿತರೆ ಇವತ್ತೂ ಗೆದ್ದವಳು ಅವಳೇ. ಇದೊಂದನ್ನು ಕೊಡುವುದಿಲ್ಲ ಅನ್ನಿಸಿತು. ಪಶ್ಚಾತ್ತಾಪ ಎಂದು ಯಾರಾದರೂ ತಿಳಿದುಕೊಂಡಿದ್ದರೆ ತಿಳಿದುಕೊಳ್ಳಲಿ, ಅದು ಅಪ್ಪಟ ಹೊಟ್ಟೆಕಿಚ್ಚು.

"ಅವರದಲ್ರಿ ಸರ" ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಎಂಟು ಅಂತ ಹೇಳಿದಾಕಿ ನಾನು. ಹೊರಟ ಬಡಿತಾನೂ ಹಿಡದು ಎಣಿಸಿದ್ದೆ. ಎಂಟು ದಿನ ಅಂತೀವಲ್ಲ, ಹಂಗ. ಅವರ ಬುಕ್ಕಿನ್ಯಾಗ ತಾರೀಖ ಹಾಕಿ ಬರಕೊಂಡಾರ, ಬೇಕಾದ್ರ ತಗಸಿ ನೋಡ್ರಿ."

ಯಾರೋ ಹಿಂದಿನ ಸಾಲಿನಲ್ಲಿ ಮೆಲ್ಲಗೆ, "ಸೋಮವಾರದಿಂದ ಸೋಮವಾರಕ್ಕ ಎಂಟು ದಿನ. ಹೌದಲ್ಲ, ನಾನೂ ಹಂಗ ಅಂತೀನಿ" ಅಂದರು. ಮೇಟಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತುಂಬ ಹೊತ್ತು ಒರೆಸಲಿಲ್ಲ. ಆಮೇಲೆ ಚಿಪ್ಪಿನವರಿಗೆ ಫೋನು ಮಾಡಿ, ಮೂರು ವಾರ ಬೇಕು ಎಂದರು. ನನಗೆ ಅವರು ಅಂದದ್ದು ಒಂದೇ ಮಾತು: "ನೀಲವ್ವ, ಹನ್ನೆರಡು ವರ್ಷ ಆತಲ್ಲ." ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಎದ್ದು ಹೋದ ಮೇಲೆ ಮುಕ್ತಾ ಮಾತ್ರ ಉಳಿದಳು.

"ನೀವು ಯಾಕೆ ಹೇಳಿದ್ದು ಅಕ್ಕ? ನಾನು ತಗೊಂಡಿದ್ದೆನಲ್ಲ."

"ಅದಕ್ಕ ಹೇಳಿದೆ. ಎಲ್ಲಾ ನೀನ ತಗೊಂಡ್ರ ನನಗೇನ್ ಉಳೀತೈತಿ?"

ಬಹುವಚನ ಬಿಟ್ಟದ್ದು ನನಗೆ ಆಮೇಲೆ ಗೊತ್ತಾಯಿತು. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಹೊಸದಾಗಿ ನೋಡುವಂತೆ.

"ನಿಮಗೆ ನನ್ನ ಮೇಲೆ ಅಷ್ಟು ಸಿಟ್ಟು ಉಂಟಾ?"

"ಐತಿ."

"ಎಷ್ಟು ದಿನದಿಂದ?"

"ಚಟ್ನಿ ತಿಂದ ದಿನದಿಂದ."

ಇಬ್ಬರೂ ಬೋರ್ಡಿನ ಮುಂದೆ ಕುಳಿತು ಮತ್ತೆ ಅಳೆದೆವು. ಈ ಸಲ ಅವಳು ಎಣಿಸಿದಳು, ನಾನು ಬೆರಳಿಟ್ಟೆ. ಏಳೇ ಬಂತು. ಬೇಕೆಂದೇ ಇನ್ನೊಮ್ಮೆ ಅಳೆದೆವು. ಫೈಲು ತೆರೆದು ಕೀಬೋರ್ಡನ್ನು ಅವಳು ನನ್ನ ಕಡೆಗೆ ಸರಿಸಿದಳು. ಎಂಟನ್ನು ಅಳಿಸಿ ಏಳು ಹಾಕಿದೆ. ಮುಂದೆ ಇದನ್ನು ಓದುವವರಿಗೆ ತಿಳಿಯಲಿ ಎಂದು ಪಕ್ಕದಲ್ಲಿ ಕನ್ನಡದಲ್ಲೇ ಬರೆದೆ: "ಹೊರಟ ಬಡಿತವನ್ನು ಎಣಿಸಬಾರದು. ಎಣಿಸಿ ತಪ್ಪು ಹೇಳಿದವಳು: ನೀಲಗಂಗಾ ಹೂಗಾರ."

ಮುಕ್ತಾ ನನ್ನ ಭುಜದ ಮೇಲಿಂದ ಓದಿದಳು. "ನನ್ನ ಹೆಸರನ್ನೂ ಹಾಕಿ ಅಕ್ಕ. ಅಳೆಯದೆ ನಂಬಿದ್ದು ನಾನಲ್ಲವಾ."

"ಜಾಗ ಇಲ್ಲ" ಅಂದೆ, ಫೈಲು ಉಳಿಸಿ ಮುಚ್ಚಿದೆ.

ಜಾಗ ಬೇಕಾದಷ್ಟಿತ್ತು.